ನಾನಿಮಾ ಕಲಿಸಿದ ಪಾಠ

(ಶಿರೂರಿನಲ್ಲಿ ನಡೆದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಸ್ತರಿಕೆ ಮಾಡಿದವನು ನಾನು. ಆದರೆ ಅಕ್ಷರದ ಬೆಲೆಯನ್ನು ನನಗೆ ಮೊದಲು ತಿಳಿಸಿಕೊಟ್ಟವರು ಯಾವ ಪ್ರೊಫೆಸರರೂ ಅಲ್ಲ. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ನನ್ನ ನಾನಿಮಾ, ಅಂದರೆ ತಾಯಿಯ ತಾಯಿ. ಇಂದು ಅವರ ಬಗ್ಗೆಯೇ ಹೇಳುತ್ತೇನೆ.

ನಾನು ಹುಟ್ಟಿದ್ದು ಇದೇ ಶಿರೂರಿನಲ್ಲಿ. ಅಮ್ಮಿಯ ತವರು ಇಳಕಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚು, ದುಡಿಮೆ ಕಡಿಮೆ. ಹಾಗಾಗಿ ಓದುವುದಕ್ಕೆಂದು ನನ್ನನ್ನು ನಾನಿಮಾರ ಮನೆಗೆ ಕಳಿಸಿದರು. ನಾನಿಮಾ ಕಂಡಿಕೆ ಸುತ್ತುತ್ತಿದ್ದರು, ಸೀರೆಗೆ ಕೊಂಡಿ ಹಾಕುತ್ತಿದ್ದರು. ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ಒಂದು ಎಳೆ ತಪ್ಪಿದರೂ ನೇಯುವವನಿಗೆ ತೊಂದರೆ. ಅಂಥ ಸೂಕ್ಷ್ಮ ಕೆಲಸ ಮಾಡುವ ಆ ಕಣ್ಣುಗಳಿಗೆ ಕನ್ನಡದ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕುರಾನ್ ಪಠಣ ಬಲ್ಲವರು, ಲೆಕ್ಕದಲ್ಲಿ ಬಲು ಚುರುಕು. ಆದರೆ ಮಾಲೀಕರ ಖಾತೆ ಪುಸ್ತಕದ ಮುಂದೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತು.

1972ರ ಬರದಲ್ಲಿ ಅವರು ಮಾಲೀಕರೊಬ್ಬರಿಂದ ನೂರು ರೂಪಾಯಿ ಮುಂಗಡ ತಂದಿದ್ದರು. ವಾರಕ್ಕೆ ಎರಡು ರೂಪಾಯಿ ಕೂಲಿಯಲ್ಲಿ ಮುರಿದುಕೊಳ್ಳುವುದೆಂದು ಮಾತಾಗಿತ್ತು. ಪ್ರತಿ ವಾರ ಹಣ ಮುರಿದಾಗಲೂ ನಾನಿಮಾ ಒಂದು ದಾರಕ್ಕೆ ಒಂದು ಗಂಟು ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದರು. ಒಂದು ದಿನ ನನ್ನನ್ನು ಕರೆದುಕೊಂಡು ಹೋಗಿ, ‘ಓದು’ ಎಂದರು. ನಾನಾಗ ಐದನೆಯ ಇಯತ್ತೆ. ಬೆರಳಿಟ್ಟು ಓದಿದೆ. ಪುಸ್ತಕದಲ್ಲಿ ಮೂವತ್ಮೂರು ವಾರದ ಜಮಾ ಇತ್ತು. ದಾರದಲ್ಲಿ ನಲವತ್ನಾಲ್ಕು ಗಂಟು ಇದ್ದವು. ಹನ್ನೊಂದು ವಾರದ ಇಪ್ಪತ್ತೆರಡು ರೂಪಾಯಿ ಬರೆದೇ ಇರಲಿಲ್ಲ.

ನಾನಿಮಾ ಜಗಳ ಮಾಡಲಿಲ್ಲ. ದಾರವನ್ನು ಮೇಜಿನ ಮೇಲಿಟ್ಟು, ‘ಸಾಹೇಬ್ರ, ಇನ್ನೊಮ್ಮೆ ನೋಡ್ರಿ’ ಎಂದರು. ಮಾಲೀಕರು ನನ್ನ ಮುಖ ನೋಡಿದರು, ಪುಸ್ತಕ ನೋಡಿದರು, ಸುಮ್ಮನೆ ಪೆನ್ನು ತೆಗೆದು ತಿದ್ದಿದರು. ದಾರಿಯಲ್ಲಿ ಬರುವಾಗ ನಾನಿಮಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಗಂಟು ಎಷ್ಟ ಹಾಕಿದ್ರೂ ಗಂಟಿಗೆ ಬಾಯಿಲ್ಲ, ಮಗಾ. ಅಕ್ಷರಕ್ಕ ಬಾಯಿ ಐತಿ.’

ಅಂದು ರಾತ್ರಿಯೇ ನನ್ನ ಪಾಟಿ ತೆಗೆದುಕೊಂಡು ಹೆಸರು ಬರೆಯಲು ಕೂತರು. ಕಂದೀಲಿನ ಬೆಳಕು, ಐವತ್ತು ದಾಟಿದ ವಯಸ್ಸು. ಒಂದು ತಿಂಗಳು ಹಿಡಿಯಿತು. ಅಕ್ಷರ ಸೊಟ್ಟಗಿದ್ದವು, ಆದರೆ ಅವರದೇ ಆಗಿದ್ದವು. ಮುಂದೆ ಅವರು ಎಂದೂ ಹೆಬ್ಬೆಟ್ಟು ಒತ್ತಲಿಲ್ಲ.

ನಾನಿಮಾರ ಬೈಗುಳ ದಖನಿಯಲ್ಲಿ, ಬುದ್ಧಿಮಾತು ಕನ್ನಡದಲ್ಲಿ. ದಿನಾ ಜೋಳ ಬೀಸುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಅದರಲ್ಲಿ ಅರ್ಧ ಹಸಿದು ಬಂದವರಿಗೆ, ಅರ್ಧ ನನ್ನ ಪುಸ್ತಕಕ್ಕೆ. ಈದ್ ದಿನ ಸುರಕುಂಬಾ ಪಕ್ಕದ ಮನೆಗೆ ಹೋಗದೆ ನಮ್ಮ ಬಟ್ಟಲಿಗೆ ಬೀಳುತ್ತಿರಲಿಲ್ಲ. ಪಂಚಮಿಗೆ ಆ ಮನೆಯ ಉಂಡಿ ನಮ್ಮಲ್ಲಿಗೆ ಬರದೆ ಇರುತ್ತಿರಲಿಲ್ಲ. ಇವೆಲ್ಲ ನಿಮ್ಮ ಅಜ್ಜಿಯರೂ ಕಲಿಸಿರುವ ಪಾಠಗಳೇ. ಆದರೆ ನಾನು ಕಲಿಯದೆ ಹೋದ ಒಂದು ಪಾಠವಿದೆ. ಅದನ್ನು ಹೇಳಲೆಂದೇ ಇಂದು ನಿಂತಿದ್ದೇನೆ.

ನಾನು ಶಿಕ್ಷಕರ ತರಬೇತಿ ಓದುತ್ತಿದ್ದಾಗ ಇಲ್ಲಿ ಶಿರೂರಿನಲ್ಲಿ ನನ್ನ ತಂಗಿ ಏಳನೆಯ ಇಯತ್ತೆ ಪಾಸಾದಳು. ಇನ್ನು ಸಾಕು ಎಂದು ಅಬ್ಬಾ, ಚಾಚಾ ಎಲ್ಲರೂ ತೀರ್ಮಾನಿಸಿದರು. ಸುದ್ದಿ ತಿಳಿದು ನಾನಿಮಾ ಇಳಕಲ್ಲದಿಂದ ಬಸ್ಸು ಹತ್ತಿ ಬಂದರು. ಎಲ್ಲರ ಮಾತು ಕೇಳಿ ಕೊನೆಗೆ, ‘ಓದಿದಾವ ಒಬ್ಬ ಇಲ್ಲೇ ಕುಂತಾನ. ಅವನ್ನೂ ಕೇಳ್ರಿ’ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ತಂಗಿಯೂ ನಿಂತಿದ್ದಳು. ನಾನು ತಲೆ ತಗ್ಗಿಸಿ, ‘ಅಬ್ಬಾ ಹೇಳಿದಂಗ ಆಗ್ಲಿ’ ಎಂದೆ.

ನಾನಿಮಾ ಅಂದು ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಬಿಟ್ಟರು. ಕೆಲವು ತಿಂಗಳ ನಂತರ ನಾನು ಇಳಕಲ್ಲಕ್ಕೆ ಹೋದಾಗ ಒಂದೇ ಪ್ರಶ್ನೆ ಕೇಳಿದರು: ‘ಆವತ್ತ ನನ್ನ ಗಂಟಿಗೆ ನೀ ಬಾಯಿ ಆದಿ. ನಿನ್ನ ತಂಗಿಗೆ ಯಾಕ ಆಗ್ಲಿಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂದೂ ಇಲ್ಲ.

ವರ್ಷಗಳು ಕಳೆದವು. ನಾನಿಮಾ ತೀರಿಕೊಂಡರು. ತಂಗಿಯ ಮಗಳು ಹತ್ತನೆಯ ತರಗತಿ ಪಾಸಾದಾಗ ಅದೇ ಮಾತು ಮತ್ತೆ ಎದ್ದಿತು. ತಂಗಿ ನನ್ನ ಮನೆಗೆ ಬಂದು, ‘ಭಾಯಿ, ಈ ಸಲ ಸುಮ್ನ ಕುಂಡ್ರಬ್ಯಾಡ’ ಎಂದಳು. ಈ ಸಲ ನಾನು ಸುಮ್ಮನೆ ಕೂಡಲಿಲ್ಲ. ಆ ಹುಡುಗಿ ಇಂದು ನರ್ಸ್ ಆಗಿದ್ದಾಳೆ, ಅಲ್ಹಮ್ದುಲಿಲ್ಲಾಹ್. ಆದರೆ ತಂಗಿಯ ಹೋದ ವರ್ಷಗಳನ್ನು ನಾನು ತಿರುಗಿ ತಂದುಕೊಡಲಾರೆ.

ಬಂಧುಗಳೇ, ಇದು ನನ್ನ ಮನೆಯ ಕಥೆ ಮಾತ್ರವಲ್ಲ. 2001ರ ಜನಗಣತಿಯಂತೆ ನಮ್ಮ ದೇಶದ ಮುಸ್ಲಿಂ ಮಹಿಳೆಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐವತ್ತು ಮಂದಿ. ನಮ್ಮ ಸಮುದಾಯ ಓದಿನಲ್ಲಿ ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು 2006ರಲ್ಲಿ ಸಾಚಾರ್ ಸಮಿತಿ ಇಡೀ ದೇಶದ ಮುಂದಿಟ್ಟಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಟ್ಟಿತು. ಹದಿನಾಲ್ಕರ ನಂತರ? ಅಲ್ಲಿ ಕಾಯ್ದೆಯ ಕೈ ನಿಲ್ಲುತ್ತದೆ, ಮನೆಯವರ ಮಾತು ಶುರುವಾಗುತ್ತದೆ. ಹೆಣ್ಣುಮಕ್ಕಳ ಪುಸ್ತಕ ಮುಚ್ಚುವುದು ಹೆಚ್ಚಾಗಿ ಅದೇ ವಯಸ್ಸಿನಲ್ಲಿ.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರನ್ನು ಬಾಲ್ಯದಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದವರು ಅವರ ತಂದೆ. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ನಿಂತರೆ ಸಾಕು, ಒಂದು ಹುಡುಗಿಯ ದಾರಿ ತೆರೆಯುತ್ತದೆ.

ಪ್ರೀತಿಯ ವಿದ್ಯಾರ್ಥಿಗಳೇ, ನೀವು ಓದಿ ದೊಡ್ಡವರಾಗಿ, ನೌಕರಿ ಹಿಡಿಯಿರಿ, ಹೆತ್ತವರನ್ನು ನೋಡಿಕೊಳ್ಳಿ. ಅದೆಲ್ಲ ಸರಿ. ಆದರೆ ನಾಳೆ ನಿಮ್ಮ ಮನೆಯಲ್ಲಿ ಒಬ್ಬ ತಂಗಿಯ ಓದು ನಿಲ್ಲಿಸುವ ಮಾತು ಬಂದಾಗ, ಎಲ್ಲರೂ ನಿಮ್ಮ ಕಡೆ ನೋಡಿದಾಗ, ತಲೆ ತಗ್ಗಿಸಬೇಡಿ. ಹಿರಿಯರಿಗೆ ಗೌರವ ಕೊಟ್ಟೇ ಮಾತಾಡಿ, ಆದರೆ ಮಾತಾಡಿ. ತಂಗಿಯರೇ, ನೀವೂ ಬಾಗಿಲ ಸಂದಿಯಿಂದ ಹೊರಗೆ ಬಂದು ಕೇಳಿರಿ. ಹಿರಿಯರೇ, ಮಕ್ಕಳು ಕೇಳಿದಾಗ ಸಿಟ್ಟಾಗಬೇಡಿ.

ನಾನಿಮಾರ ಆ ಗಂಟಿನ ದಾರ ಇಂದಿಗೂ ನನ್ನ ಕಪಾಟಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಅವರ ಪ್ರಶ್ನೆ ನೆನಪಾಗುತ್ತದೆ. ಆ ಪ್ರಶ್ನೆಯನ್ನು ಇಂದು ನಿಮಗೂ ಕೊಟ್ಟು ಹೋಗುತ್ತಿದ್ದೇನೆ. ಅಲ್ಲಾಹನು ನಾನಿಮಾರಿಗೆ ಜನ್ನತ್ ಕರುಣಿಸಲಿ, ನಮ್ಮೆಲ್ಲರ ಮಕ್ಕಳಿಗೆ ವಿದ್ಯೆ ಕೊಡಲಿ ಎಂದು ದುಆ ಮಾಡುತ್ತೇನೆ.