ಅರ್ಧ ಅಂಕದ ದೂರ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲಕಾಲದ ಹಿಂದೆ ನರ್ಸಿಂಗ್ ಪದವೀಧರೆಯೊಬ್ಬಳು ತಂದೆಯೊಂದಿಗೆ ನಮ್ಮಲ್ಲಿಗೆ ಬಂದಿದ್ದಳು. ಬ್ರಿಟನ್ನಿನಲ್ಲಿ ದಾದಿಯಾಗಿ ನೋಂದಾಯಿಸಿಕೊಳ್ಳಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ದಾರಿ ಹಿಡಿದವರು ಒಂಬತ್ತರಲ್ಲಿ ಓದು, ಆಲಿಸುವಿಕೆ, ಮಾತುಗಾರಿಕೆಗೆ ತಲಾ 7 ಹಾಗೂ ಬರವಣಿಗೆಗೆ 6.5 ಪಡೆಯಬೇಕು. ಬರವಣಿಗೆಗೂ 7 ಇದ್ದುದನ್ನು ಅಲ್ಲಿನ ನರ್ಸಿಂಗ್ ಮಂಡಳಿಯು 2018ರ ಡಿಸೆಂಬರ್‌ನಲ್ಲಿ ಇಳಿಸಿತು. ಆಕೆ ಮೂರನ್ನು ದಾಟಿದ್ದಳು. ಬರವಣಿಗೆಯಲ್ಲಿ ಮಾತ್ರ ಎರಡು ಸಲವೂ 6. ಎರಡನೆಯ ಸಲದ ಶುಲ್ಕಕ್ಕೆ ತಾಯಿಯ ಬಳೆ ಅಡವಿಗೆ ಹೋಗಿತ್ತು.

ಆಕೆಯ ನೋಟ್‌ಪುಸ್ತಕ ತೆರೆದಾಗ ಕಾರಣ ಸ್ಪಷ್ಟವಾಯಿತು. ತರಬೇತಿ ಕೇಂದ್ರವೊಂದು ಮೂವತ್ತು ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿತ್ತು. ಎಲ್ಲವೂ 'ಇಂದಿನ ಆಧುನಿಕ ಯುಗದಲ್ಲಿ' ಎಂದೇ ಆರಂಭ! ಕಂಠಪಾಠವನ್ನು ನಾವು ಹೀಗಳೆಯುವುದಿಲ್ಲ; ನಮ್ಮ ವಿದ್ಯಾಭ್ಯಾಸವೇ ಅದರಿಂದ ಮೊದಲಾಯಿತು. ಆದರೆ ನಮ್ಮ ದರ್ಸ್‌ನಲ್ಲೂ ಪಾಠ ಒಪ್ಪಿಸಿದ ಬಳಿಕ 'ಯಾಕೆ ಹೀಗೆ?' ಎಂದು ಕೇಳುವ ವಿದ್ಯಾರ್ಥಿಯನ್ನೇ ಉಸ್ತಾದರು ಹತ್ತಿರ ಕೂರಿಸಿಕೊಳ್ಳುತ್ತಿದ್ದರು.

ಈ ಪರೀಕ್ಷೆಯ ಬರವಣಿಗೆಗೆ ಒಂದು ಗಂಟೆ, ಎರಡು ಪ್ರಶ್ನೆ. ಮೊದಲನೆಯದಕ್ಕೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದರ ತೂಕ ಇಮ್ಮಡಿ. ಆದ್ದರಿಂದ 20 ನಿಮಿಷ, 40 ನಿಮಿಷವೆಂದು ಹಂಚಿಕೊಳ್ಳಬೇಕು. ಆಕೆ ಮೊದಲ ಪ್ರಶ್ನೆಯ ನಕ್ಷೆಯಲ್ಲಿದ್ದ ಪ್ರತಿಯೊಂದು ಅಂಕಿಯನ್ನೂ ಬರೆಯುತ್ತಾ ಅರ್ಧ ಗಂಟೆ ಕಳೆಯುತ್ತಿದ್ದಳು. ಅಲ್ಲಿ ಬೇಕಿರುವುದು ಮುಖ್ಯ ಏರಿಳಿತ, ಹೋಲಿಕೆ, ಅಷ್ಟೇ. ವ್ಯಾಕರಣ, ಪದಸಂಪತ್ತು, ವಿಚಾರಗಳ ಜೋಡಣೆಗಳಷ್ಟೇ ಪಾಲು ಅಂಕ 'ಕೇಳಿದ್ದಕ್ಕೆ ಉತ್ತರಿಸಿದ್ದಾರೆಯೇ' ಎಂಬುದಕ್ಕೂ ಇದೆ. ಬಾಯಿಪಾಠದ ಪ್ರಬಂಧ ಎಡವುವುದು ಇಲ್ಲಿಯೇ.

ವೃದ್ಧರ ಆರೈಕೆ ಕುಟುಂಬದ ಹೊಣೆಯೋ ಸರಕಾರದ ಹೊಣೆಯೋ ಎಂಬ ಪ್ರಶ್ನೆ ಕೊಟ್ಟೆವು. ಕೆಲವರು ಹೀಗೆನ್ನುತ್ತಾರೆ, ಇನ್ನು ಕೆಲವರು ಹಾಗೆನ್ನುತ್ತಾರೆ ಎಂದು ಬರೆದಳು. 'ನೀನೇನನ್ನುತ್ತೀ ಮಗಳೇ?' ಎಂದೆವು. ಆಕೆ ತಂದೆಯ ಮುಖ ನೋಡಿದಳು. ಅವರೇ ಉತ್ತರಿಸತೊಡಗಿದರು! 'ಪರೀಕ್ಷೆ ಬರೆಯುವವರು ತಾವಲ್ಲವಲ್ಲ' ಎಂದು ನಾವು ವಿನಯದಿಂದಲೇ ತಡೆಯಬೇಕಾಯಿತು. ಸ್ವಲ್ಪ ಹೊತ್ತಿನ ಮೌನದ ನಂತರ ಆಕೆ ಮನೆಮಾತಿನಲ್ಲಿ ಹೇಳಿದಳು: ಮಕ್ಕಳ ಪ್ರೀತಿಯೊಂದರಿಂದಲೇ ಹಾಸಿಗೆ ಹುಣ್ಣು ಗುಣವಾಗದು, ಮಗ್ಗುಲು ಬದಲಿಸಲು ಕಲಿತ ಕೈ ಬೇಕು, ಅಂಥವರನ್ನು ಮನೆಬಾಗಿಲಿಗೆ ಕಳುಹಿಸುವುದು ಸರಕಾರದ ಕೆಲಸ, ಜೊತೆಗಿರುವುದು ಮಕ್ಕಳ ಕೆಲಸ. ಮೂವತ್ತು ಪ್ರಬಂಧಗಳಲ್ಲಿ ಎಲ್ಲಿಯೂ ಇಲ್ಲದ ಮಾತಿದು. 'ಇದನ್ನೇ ಬರೆ' ಎಂದೆವು.

ಮುಂದೆ ದಿನಕ್ಕೊಂದು ಪ್ರಶ್ನೆ. ಐದು ನಿಮಿಷ ಮನೆಮಾತಿನಲ್ಲಿ ತನ್ನ ನಿಲುವು, ಎರಡು ಕಾರಣ, ಒಂದು ಉದಾಹರಣೆ. ಬಳಿಕ ಗಡಿಯಾರವಿಟ್ಟು ಬರಹ. ಮರುದಿನ ತಾನೇ ಗಟ್ಟಿಯಾಗಿ ಓದಿ ತಪ್ಪು ಹುಡುಕಿ, ಅದೇ ಪ್ರಬಂಧವನ್ನು ಮತ್ತೆ ಬರೆಯುವುದು. ಪುಟವಿಡೀ ಕೆಂಪು ಶಾಯಿ ಹರಿಸಿದರೆ ಮಕ್ಕಳು ಏನೂ ಕಲಿಯುವುದಿಲ್ಲವೆಂಬುದು ನಮ್ಮ ಅನುಭವ. ಆದ್ದರಿಂದ ಮೊದಲು ಎರಡನ್ನೇ ಹಿಡಿದೆವು: ಕನ್ನಡದಲ್ಲಿಲ್ಲದ ಕಾರಣ ನಮ್ಮವರು ಮರೆಯುವ 'ಎ', 'ದ'ಗಳು ಮತ್ತು ನಡುವೆ ಜಿಗಿಯುವ ಕಾಲ.

ತಂದೆಗೆ ಇಂಗ್ಲಿಷ್ ಬಾರದು. 'ನಾನೇನು ಮಾಡಲಿ?' ಎಂದು ಕೇಳಿದರು. ರಾತ್ರಿ ಊಟದ ಹೊತ್ತು ಒಂದು ವಿಷಯವೆತ್ತಿ ಮಗಳ ಅಭಿಪ್ರಾಯ ಕೇಳಿ, 'ಯಾಕೆ?' ಎಂದು ಮತ್ತೆ ಕೇಳಿ, ಬಳಿಕ ಸುಮ್ಮನಿರಿ ಎಂದೆವು. ಕೊನೆಯದು ಅವರಿಗೆ ಕಷ್ಟವಾಯಿತಂತೆ.

ಮೂರನೆಯ ಸಲ ಬರವಣಿಗೆಯಲ್ಲಿ 6.5 ಬಂತು, ಉಳಿದ ಮೂರೂ ಉಳಿದವು. ಸುದ್ದಿ ತಿಳಿಸಲು ಬಂದ ತಂದೆ ಒಂದು ದೂರನ್ನೂ ತಂದಿದ್ದರು: ಪಿಯುಸಿ ಓದುವ ಕಿರಿಯವಳು ಕೂಡ ಈಗ ಊಟಕ್ಕೆ ಕುಳಿತಾಗ ವಾದಿಸುತ್ತಾಳಂತೆ.