ಹಕ್ಕಿಯ ತಪ್ಪೇನು?

ಇಂದು ಪದವಿ ಪಡೆದ ಕೊಗನೊಳ್ಳಿ ಸೀಮೆಯ ತರುಣ ತರುಣಿಯರೆ,

ಡೋಡೊ ಪೆದ್ದು ಹಕ್ಕಿ, ಹಾರಲಾರದೆ ಅಳಿಯಿತು ಎಂದು ಜಗತ್ತು ತೀರ್ಪು ಕೊಟ್ಟುಬಿಟ್ಟಿದೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮಾರಿಷಸ್ ದ್ವೀಪದಲ್ಲಿ ಅದನ್ನು ಬೇಟೆಯಾಡುವ ಪ್ರಾಣಿಗಳೇ ಇರಲಿಲ್ಲ. ಹಾರಲು ಬೇಕಾದ ದೊಡ್ಡ ಎದೆಸ್ನಾಯುಗಳನ್ನು ಪೋಷಿಸುವುದು ದುಬಾರಿ. ಬೇಡದ ಆ ಖರ್ಚನ್ನು ಹಕ್ಕಿ ತಲೆಮಾರುಗಳ ಮೇಲೆ ಕೈಬಿಟ್ಟಿತು, ಅಷ್ಟೆ. 1598ರಲ್ಲಿ ಡಚ್ಚರು ಬಂದಿಳಿದರು. ಹಡಗುಗಳೊಂದಿಗೆ ಬಂದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಮೊಟ್ಟೆಗಳನ್ನು ತಿಂದವು. ಸುಮಾರು ನೂರು ವರ್ಷದಲ್ಲಿ ಡೋಡೊ ಇಲ್ಲವಾಯಿತು. ಗುವಾಮ್ ದ್ವೀಪದ ಹಾರದ ರೈಲ್ ಹಕ್ಕಿಗೆ ಅಷ್ಟು ಕಾಲವೂ ಸಿಗಲಿಲ್ಲ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನೊಡನೆ ಬಂದ ಕಂದು ಮರಹಾವು 1980ರ ದಶಕದ ಹೊತ್ತಿಗೆ ಅದನ್ನು ಕಾಡಿನಿಂದ ಅಳಿಸಿಹಾಕಿತ್ತು. ಹಕ್ಕಿ ಬದಲಾಗಿರಲಿಲ್ಲ, ಅದರ ಸುತ್ತಲಿನದು ಬದಲಾಗಿತ್ತು.

ಸಮುದ್ರದ ಮಾತು ಬಯಲುಸೀಮೆಯ ನಮಗೇಕೆ ಎನ್ನಬಹುದು. ದಖ್ಖನಿನ ಒಣ ಹುಲ್ಲುಗಾವಲಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಾರಬಲ್ಲ ಹಕ್ಕಿಯೇ, ಆದರೂ ಅದರ ಬದುಕೆಲ್ಲ ನೆಲಕ್ಕೆ ಅಂಟಿದ್ದು. ಗಂಡು ಹದಿನೈದು ಕಿಲೋವರೆಗೆ ತೂಗಬಲ್ಲದು. ಹೆಣ್ಣು ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಕಣ್ಣುಗಳು ಪಕ್ಕಕ್ಕಿರುವುದರಿಂದ ಎದುರಿನ ವಿದ್ಯುತ್ ತಂತಿ ಹೊತ್ತಿಗೆ ಸರಿಯಾಗಿ ಕಾಣದು, ಕಂಡರೂ ಅಷ್ಟು ಭಾರದ ಮೈ ಥಟ್ಟನೆ ತಿರುಗದು. ವರ್ಷಕ್ಕೆ ಒಂದು ಮರಿ ಸಾಕುವ ಜೀವಕ್ಕೆ ಹೆಚ್ಚುವರಿ ಒಂದೊಂದು ಸಾವೂ ದೊಡ್ಡ ನಷ್ಟ. ದೇಶದಲ್ಲಿ ಈಗ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿವೆ.

ಅಳಿವು ಪ್ರಕೃತಿಯ ನಿಯಮವಲ್ಲವೆ ಎಂಬ ಪ್ರಶ್ನೆಗೆ ಮನುಷ್ಯರ ಸರಕಿನೊಡನೆ ಬಂದ ಗುವಾಮ್‌ನ ಹಾವೇ ಉತ್ತರ. ಜನರ ಹೊಟ್ಟೆಪಾಡು ಮುಖ್ಯವಲ್ಲವೆ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. 1979ರಲ್ಲಿ ಸೊಲ್ಲಾಪುರ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಸುಮಾರು 8,500 ಚದರ ಕಿಲೋಮೀಟರ್ ನೆಲವನ್ನು ಎರ್ಲಡ್ಡು ಅಭಯಾರಣ್ಯವೆಂದು ಸಾರಿದಾಗ ಊರು, ಹೊಲ ಎಲ್ಲವೂ ಅದರೊಳಗೆ ಬಿದ್ದವು. ರೈತರು ಸಿಟ್ಟಾದರು, ಆಮೇಲೆ ಗಡಿಯನ್ನು ಬಹಳಷ್ಟು ಕಿರಿದಾಗಿಸಬೇಕಾಯಿತು. ರೈತರ ಸಿಟ್ಟು ನ್ಯಾಯವಾದದ್ದು. ಆದರೆ ಆ ಪ್ರಸಂಗ ಹೇಳುವುದು ನಕ್ಷೆ ಬರೆದವರ ಒರಟುತನವನ್ನು, ಹಕ್ಕಿ ಮತ್ತು ರೈತ ಹಗೆಗಳೆಂಬುದನ್ನಲ್ಲ. ಮಳೆಯಾಶ್ರಿತ ಜೋಳದ ಹೊಲ, ಬೀಳು, ಮೇವಿನ ಗಾಯರಾಣ ಬೆರೆತ ನೆಲ ಎರ್ಲಡ್ಡುವಿಗೆ ಹಿತವೇ. ಮಿಡತೆ, ಜೀರುಂಡೆ, ಕಾಳು ಅಲ್ಲೇ ಸಿಗುತ್ತವೆ. ಒತ್ತಾದ ಕಬ್ಬಿನ ಗದ್ದೆಯಲ್ಲಿ ಅದು ನಿಲ್ಲಲಾರದು. ಹುಲ್ಲು ಕಂಡಲ್ಲೆಲ್ಲ ಮರ ನೆಡುವ ಉಪಕಾರವೂ (ಅರಣ್ಯ ಇಲಾಖೆಗೂ ಇದು ಹಳೆಯ ಚಟ) ಅದಕ್ಕೆ ಅಪಕಾರವೇ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲಿ ನೀಲಗಿರಿ ತೋಪುಗಳು ಹುಲ್ಲನ್ನು ನುಂಗಿದವು.

ತಂತಿಗಳ ಅಪಾಯ ಹೇಳಿದೆನೆಂದು ಸೌರ ವಿದ್ಯುತ್ ಬೇಡವೆಂದೂ ನಾನು ಹೇಳುತ್ತಿಲ್ಲ. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್, ಎಲ್ಲೆಡೆ ಅದು ಆಗದೆಂದು 2024ರಲ್ಲಿ ಮಾರ್ಪಡಿಸಿ ತಜ್ಞರ ಸಮಿತಿ ನೇಮಿಸಿತು. ಇದನ್ನು ಸೋಲೆನ್ನುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಯಾವ ಸಾಲು ಹಕ್ಕಿಯ ದಾರಿಗೆ ಅಡ್ಡ ಬರುತ್ತದೋ ಅದನ್ನೇ ಗುರುತಿಸುವ ಕಷ್ಟದ ಕೆಲಸಕ್ಕೆ ಅದು ಬಾಗಿಲು ತೆರೆಯಿತು.

ಹಾಗಾದರೆ ಪಂಜರದಲ್ಲಿ ಮರಿ ಮಾಡಿಸಿದರೆ ಸಾಲದೆ? ನ್ಯೂಜಿಲೆಂಡಿನವರು 1995ರಲ್ಲಿ 51ಕ್ಕಿಳಿದಿದ್ದ ಹಾರದ ಗಿಣಿ ಕಾಕಾಪೊವನ್ನು ಇನ್ನೂರರ ಮೇಲಕ್ಕೆ ತಂದರು, ಆದರೆ ಬೆಕ್ಕು, ಇಲಿಗಳಿಂದ ಮುಕ್ತಗೊಳಿಸಿದ ದ್ವೀಪಗಳು ಅವರ ಕೈಲಿದ್ದವು. ಜೈಸಲ್ಮೇರ್ ಬಳಿಯ ಸಮ್‌ನಲ್ಲಿ 2019ರಿಂದ ಎರ್ಲಡ್ಡು ಮರಿಗಳು ಬೆಳೆಯುತ್ತಿವೆ. ಅವುಗಳನ್ನು ನಾಳೆ ಬಿಡಲು ದಖ್ಖನಿನಲ್ಲಿ ತಂತಿಯಿಲ್ಲದ ಹುಲ್ಲು ಎಷ್ಟು ಎಕರೆ ಉಳಿದಿರುತ್ತದೆ ಎಂಬುದನ್ನು, ನಾಳೆ ತಲಾಠಿಗಳಾಗಿ, ಎಂಜಿನಿಯರುಗಳಾಗಿ, ಪಂಚಾಯತಿ ಸದಸ್ಯರಾಗಿ ಗಾಯರಾಣದ ಕಾಗದಗಳಿಗೆ ಸಹಿ ಹಾಕುವ ನೀವೇ ತೀರ್ಮಾನಿಸುತ್ತೀರಿ.