ಬತ್ತಿದ ಸರೋವರ ಮತ್ತು ಶ್ರಾವಕನ ವ್ರತ



ದೇಶದ ಭದ್ರತೆ ಎಂದೊಡನೆ ಗಡಿ, ಸೈನ್ಯ, ಕ್ಷಿಪಣಿಗಳ ಚಿತ್ರವೇ ಮನಸ್ಸಿಗೆ ಬರುತ್ತದೆ. ಆದರೆ ಆಫ್ರಿಕಾದ ಚಾಡ್ ಸರೋವರದ ದಡದಲ್ಲಿ ಅಭದ್ರತೆ ನೀರಿನ ಕಡೆಯಿಂದ ಬಂತು. ನೈಜೀರಿಯಾ, ನೈಜರ್, ಚಾಡ್, ಕ್ಯಾಮರೂನ್ ದೇಶಗಳ ಗಡಿಗಳು ಕೂಡುವ ಈ ಸರೋವರವು 1960ರ ದಶಕದ ಆರಂಭದಲ್ಲಿ ಸುಮಾರು 25,000 ಚದರ ಕಿಲೋಮೀಟರ್‌ಗಳಷ್ಟು ಹರಡಿತ್ತು. 1970 ಮತ್ತು 1980ರ ದಶಕಗಳ ಬರಗಾಲಗಳು ಕಳೆಯುವಷ್ಟರಲ್ಲಿ ಅದರ ಹತ್ತನೆಯ ಒಂದು ಭಾಗವೂ ಸರಿಯಾಗಿ ಉಳಿಯಲಿಲ್ಲ. ನೈಜೀರಿಯಾ ತನ್ನ ದಡದಲ್ಲಿ ದೊಡ್ಡ ನೀರಾವರಿ ಯೋಜನೆಯೊಂದನ್ನು ಕಟ್ಟಿತ್ತು. ನೀರು ಹಿಂದೆ ಸರಿದಾಗ ಕಾಲುವೆಗಳು ಒಣಗಿ ನಿಂತವು.

ಬೆಸ್ತರು ನೀರನ್ನು ಹಿಂಬಾಲಿಸಿದರು. ಹಾಗೆ ಹೋದ ನೈಜೀರಿಯಾದವರು ದರಾಕ್ ಎಂಬಲ್ಲಿ ಊರು ಕಟ್ಟಿದರು. ಅವರ ಹಿಂದೆಯೇ ಅವರ ಸರ್ಕಾರದ ಅಧಿಕಾರಿಗಳೂ ಬಂದರು. ಆದರೆ ನೆಲ ಕ್ಯಾಮರೂನಿನದು! ವ್ಯಾಜ್ಯವು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ, 2002ರಲ್ಲಿ ತೀರ್ಪು ಕ್ಯಾಮರೂನಿನ ಪರವಾಗಿ ಬಂತು. ಮೀನು ಹುಡುಕಿ ಹೊರಟ ಬಡವನ ಹೆಜ್ಜೆಯೇ ಎರಡು ರಾಷ್ಟ್ರಗಳ ಗಡಿವಿವಾದದ ಭಾಗವಾಯಿತು.

2009ರಿಂದ ಬೊಕೊ ಹರಾಮ್‌ನ ಸಶಸ್ತ್ರ ದಂಗೆ ಇದೇ ಪ್ರದೇಶವನ್ನು ಸುಟ್ಟಿತು. ಸರೋವರ ಬತ್ತಿದ್ದರಿಂದಲೇ ಭಯೋತ್ಪಾದನೆ ಹುಟ್ಟಿತೆಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಅದು ಸರಿಯಲ್ಲ. 1990ರ ದಶಕದ ನಂತರ ನೀರು ಸ್ವಲ್ಪ ಚೇತರಿಸಿಕೊಂಡಿತ್ತು; ಮತಾಂಧತೆ, ಆಡಳಿತದ ಭ್ರಷ್ಟತೆ, ಪೊಲೀಸರ ಕ್ರೌರ್ಯ ಇವೆಲ್ಲವೂ ಕಾರಣಗಳೇ. ಆದರೆ ಹೊಲವೂ ಬಲೆಯೂ ನಂಬಿಕೆಗೆ ಬಾರದಾದ ಯುವಕನಿಗೆ ಸಾಲ ಕೊಡುವವನೂ ಕೋವಿ ಕೊಡುವವನೂ ಒಬ್ಬನೇ ಆದಾಗ, ಅವನ ಮುಂದಿದ್ದ ಆಯ್ಕೆ ಎಷ್ಟು? ಮುಂದೆ ಸೈನ್ಯವು ಉಗ್ರರ ಆದಾಯ ತಡೆಯಲೆಂದು ಮೀನಿನ ವ್ಯಾಪಾರವನ್ನೇ ನಿರ್ಬಂಧಿಸಿತು. ಹಸಿವು ಮತ್ತಷ್ಟು ಹೆಚ್ಚಿತು. 20 ಲಕ್ಷಕ್ಕೂ ಅಧಿಕ ಜನ ನೆಲೆ ಕಳೆದುಕೊಂಡರು. 2017ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 2349ನೆಯ ನಿರ್ಣಯದಲ್ಲಿ, ಹವಾಮಾನ ಬದಲಾವಣೆಯೂ ಈ ಪ್ರದೇಶದ ಅಸ್ಥಿರತೆಗೆ ಕಾರಣಗಳಲ್ಲೊಂದೆಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಜೈನ ಆಚಾರಶಾಸ್ತ್ರಕ್ಕೆ ಈ ಸರಪಳಿ ಅಪರಿಚಿತವಲ್ಲ. ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ 'ಯೋಗಶಾಸ್ತ್ರ'ವು ಪಟ್ಟಿ ಮಾಡುತ್ತದೆ. ಕಾಡು ಕಡಿಯುವುದು, ಕಾಡಿಗೆ ಬೆಂಕಿ ಇಡುವುದು ಮಾತ್ರವಲ್ಲ, ಕೆರೆ-ಸರೋವರಗಳನ್ನು ಬತ್ತಿಸುವುದೂ ಅದರಲ್ಲಿದೆ. ಅದಕ್ಕೆ 'ಸರಃಶೋಷ' ಎಂದೇ ಹೆಸರು. ದಿಗಂಬರ ಪರಂಪರೆಯಲ್ಲಿ ಆಶಾಧರರೂ ಇಂತಹ ಖರಕರ್ಮಗಳನ್ನು ಚರ್ಚಿಸಿದ್ದಾರೆ. ಅಹಿಂಸೆಯ ಲೆಕ್ಕವು ತಟ್ಟೆಗೆ ಸೀಮಿತವಾಗಿರಲಿಲ್ಲ, ಸಂಪಾದನೆಯ ಮಾರ್ಗವನ್ನೂ ಕೇಳುತ್ತಿತ್ತು.

ಇಂದು ಗಡ್ಡೆಗೆಣಸು ತಿನ್ನಬಾರದೆಂಬ ನಿಯಮ ಮುಂಬಯಿ, ಪುಣೆಯ ಅನೇಕ ಮನೆಗಳಲ್ಲಿ ಭದ್ರವಾಗಿದೆ. ಅದು ಗೌರವಕ್ಕೆ ಅರ್ಹವೇ. ಆದರೆ ಸರಃಶೋಷದ ಹೆಸರನ್ನು ಪ್ರವಚನಗಳಲ್ಲಿ ಕೇಳುವುದೇ ಅಪರೂಪ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ನಾಲ್ಕು ಪ್ರಮುಖ ಜಲಾಶಯಗಳು ಬಹುತೇಕ ಬರಿದಾದಾಗ, ಹಣವಿದ್ದವರು ಟ್ಯಾಂಕರ್ ತರಿಸಿದರು, ಇಲ್ಲದವರು ಕೊಡಗಳೊಡನೆ ಸಾಲು ನಿಂತರು. ಮಳೆ ಕೈಕೊಟ್ಟದ್ದು ನಿಜ; ಕೆರೆ-ಜೌಗುಗಳ ಮೇಲೆ ನಗರ ಬೆಳೆದದ್ದೂ ಅಷ್ಟೇ ನಿಜ. ಅಂತಹ ಬಡಾವಣೆಗಳಲ್ಲಿ ಹಣ ಹೂಡಿದವರಲ್ಲಿ ಅಣುವ್ರತಿಗಳು ಇರಲಿಲ್ಲವೆಂದು ಯಾರು ಹೇಳಬಲ್ಲರು?

ಬಸದಿಯ ಜೀರ್ಣೋದ್ಧಾರಕ್ಕೆ ಬೋಲಿ ಕೂಗುವಾಗ ಮೊತ್ತವನ್ನು ಮೂರು ಬಾರಿ ಘೋಷಿಸುತ್ತಾರೆ. ಆ ಹಣ ಯಾವ ನೆಲದಿಂದ, ಯಾವ ನೀರಿನಿಂದ ಬಂತೆಂದು ಒಮ್ಮೆಯಾದರೂ ವಿಚಾರಿಸುವ ಪದ್ಧತಿ ಇಲ್ಲ. ಬರುವ ದಶಲಕ್ಷಣ ಪರ್ವದಲ್ಲಿ, ಆಕಿಂಚನ್ಯ ಧರ್ಮದ ದಿನದ ಚರ್ಚೆಗೆ ಸಂಘಗಳು ಇದನ್ನೇ ವಿಷಯವಾಗಿ ಎತ್ತಿಕೊಳ್ಳಬಹುದು. ದಾನಿಗಳಿಗೆ ಇರಿಸುಮುರಿಸಾದೀತು, ಒಂದೆರಡು ದೊಡ್ಡ ದೇಣಿಗೆಗಳೂ ತಪ್ಪಿಯಾವು.